ಹೊಸ ಹೃದಯ ಔಷಧದ ಪರೀಕ್ಷೆಗೆ ಅಣ್ಣ ಸೇರಬಹುದೇ?

ಪ್ರಶ್ನೆ: ಡಾಕ್ಟರಿಗೆ ನಮಸ್ಕಾರ. ನಾವು ಸಿಂಧನೂರು ತಾಲ್ಲೂಕಿನವರು, ಭತ್ತ ಬೆಳೆಯುವ ಕುಟುಂಬ. ನನ್ನ ಅಣ್ಣನಿಗೆ 46 ವರ್ಷ. ಒಂದೂವರೆ ವರ್ಷದ ಹಿಂದೆ ಹೃದಯಾಘಾತವಾಗಿ ಒಂದು ಸ್ಟೆಂಟ್ ಹಾಕಿದ್ದಾರೆ. ಸಕ್ಕರೆ ಕಾಯಿಲೆ ಇಲ್ಲ, ದಪ್ಪವೂ ಇಲ್ಲ, ಗುಟ್ಕಾ ಮಾತ್ರ ಪೂರ್ತಿ ಬಿಟ್ಟಿಲ್ಲ. ಈಚೆಗೆ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದಾಗ ಎಲ್‌ಪಿ-ಎ 96, ಎಲ್‌ಡಿಎಲ್ 92 ಮಿಲಿಗ್ರಾಂ ಬಂದಿದೆ. ಎಲ್‌ಪಿ-ಎ ಇಳಿಸುವ ಹೊಸ ಇಂಜೆಕ್ಷನ್‌ನ ಕ್ಲಿನಿಕಲ್ ಟ್ರಯಲ್ ಶುರುವಾಗಲಿದೆ, ಸೇರುತ್ತೀರಾ ಎಂದು ಅಲ್ಲಿ ಕೇಳಿದ್ದಾರೆ. ಅರ್ಧ ಜನರಿಗೆ ಬರೀ ನೀರಿನ ಇಂಜೆಕ್ಷನ್ ಕೊಡುತ್ತಾರಂತೆ. ಫಾರ್ಮಿನಲ್ಲಿ ನಾಮಿನಿ ಹೆಸರು, ವರ್ಷದ ಆದಾಯ ಕೇಳಿದ್ದಾರೆ, ಒಪ್ಪಿಗೆ ಪಡೆಯುವಾಗ ವಿಡಿಯೋ ತೆಗೆಯುತ್ತಾರಂತೆ. ಇದನ್ನೆಲ್ಲ ಕೇಳಿ ವೈನಿ ಅಳುತ್ತಿದ್ದಾರೆ. ಅದು ಜೀನ್ ಬದಲಾಯಿಸುವ ಇಂಜೆಕ್ಷನ್ ಎಂದು ಊರಿನಲ್ಲಿ ಕೆಲವರು ಹೆದರಿಸಿದ್ದಾರೆ. ಅಣ್ಣ ಕೊಲೆಸ್ಟ್ರಾಲ್ ಗುಳಿಗೆಯನ್ನು ಮೈಕೈ ನೋವೆಂದು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಾನೆ. ಅವನು ಓದಿದ್ದು ನಾಲ್ಕನೆಯ ತರಗತಿ. ನಾನು ಶಾಲಾ ಶಿಕ್ಷಕ, ಮನೆಯಲ್ಲಿ ನನ್ನ ಮಾತು ನಡೆಯುತ್ತದೆ. ಸೇರಿಸಲೋ ಬೇಡವೋ, ದಯವಿಟ್ಟು ತಿಳಿಸಿ.

ಉತ್ತರ: ನಿಮ್ಮ ಪತ್ರದಲ್ಲಿ ಒಂದೇ ಪ್ರಶ್ನೆ ಇದ್ದಂತೆ ಕಂಡರೂ ಅದರೊಳಗೆ ಮೂರು ಅಂಜಿಕೆಗಳಿವೆ. ಅಣ್ಣನವರಿಗೆ ಚಿಕಿತ್ಸೆಯ ಬದಲು ನೀರು ಸಿಗಬಹುದು ಎಂಬುದು ಒಂದು, ಹೊಸ ಔಷಧ ಶರೀರವನ್ನು ಕೆಡಿಸಬಹುದು ಎಂಬುದು ಇನ್ನೊಂದು, ಸಹಿ ಹಾಕಿಸಿಕೊಂಡವರು ನಾಳೆ ಕೈಬಿಟ್ಟರೆ ಯಾರನ್ನು ಕೇಳುವುದು ಎಂಬುದು ಮತ್ತೊಂದು. ಬಳ್ಳಾರಿಯಲ್ಲಿ ಹೃದ್ರೋಗಿಗಳನ್ನು ನೋಡುವ ನನ್ನ ಬಳಿಗೆ ರಾಯಚೂರು, ಕೊಪ್ಪಳದ ಕಡೆಯಿಂದ ಬರುವ ಕುಟುಂಬಗಳೂ ಇದೇ ಮೂರನ್ನು ಕೇಳುತ್ತವೆ. ಮೂರಕ್ಕೂ ಉತ್ತರ ಹೇಳುತ್ತೇನೆ. ಆದರೆ ನೀವು ಪ್ರಶ್ನೆಯಾಗಿ ಕೇಳದೆ ನಡುವೆ ಒಂದು ಸಾಲಿನಲ್ಲಿ ಹೇಳಿಬಿಟ್ಟ ಸಂಗತಿಯೊಂದು ನನಗೆ ಇವೆಲ್ಲಕ್ಕಿಂತ ಹೆಚ್ಚು ಚಿಂತೆ ತಂದಿದೆ. ಅದಕ್ಕೆ ಮುಂದೆ ಬರುತ್ತೇನೆ.

ಮೊದಲು ಈ ಎಲ್‌ಪಿ-ಎ ಏನೆಂದು ತಿಳಿಯೋಣ. ನಾವು ಕೆಟ್ಟ ಕೊಲೆಸ್ಟ್ರಾಲ್ ಎಂದು ಕರೆಯುವ ಎಲ್‌ಡಿಎಲ್‌ನಂಥದೇ ಒಂದು ಕಣ ಇದು. ಅದರ ಮೇಲೆ ಯಕೃತ್ತಿನಲ್ಲಿ ತಯಾರಾಗುವ ಇನ್ನೊಂದು ಪ್ರೋಟೀನ್ ಹೆಚ್ಚಾಗಿ ಅಂಟಿಕೊಂಡಿರುತ್ತದೆ. 1963ರಲ್ಲಿ ನಾರ್ವೆಯ ಕೋರೆ ಬರ್ಗ್ ಇದನ್ನು ಗುರುತಿಸಿದರು. ರಕ್ತದಲ್ಲಿ ಇದು ಎಷ್ಟಿರಬೇಕೆಂಬುದು ಬಹುಪಾಲು ತಂದೆತಾಯಿಯಿಂದ ಬಂದ ಜೀನ್‌ನಿಂದಲೇ ತೀರ್ಮಾನವಾಗಿ, ಬಾಲ್ಯದಲ್ಲೇ ನೆಲೆಗೊಂಡು, ಜೀವನವಿಡೀ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ. ಸಾಮಾನ್ಯವಾಗಿ 50 ಮಿಲಿಗ್ರಾಂ ದಾಟಿದರೆ ಹೃದಯಾಘಾತದ ಅಪಾಯ ಹೆಚ್ಚೆಂದು ಎಣಿಸುತ್ತೇವೆ. ಜಗತ್ತಿನಲ್ಲಿ ಸುಮಾರು ಐವರಲ್ಲಿ ಒಬ್ಬರು ಈ ಗೆರೆಯ ಮೇಲಿದ್ದಾರೆ, ದಕ್ಷಿಣ ಏಷ್ಯಾದ ನಮ್ಮಂಥವರಲ್ಲಿ ಇದರ ಭಾರ ಇನ್ನೂ ಹೆಚ್ಚು. ದಪ್ಪವಿಲ್ಲದ, ಸಕ್ಕರೆ ಕಾಯಿಲೆಯಿಲ್ಲದ, ಹೊಲದಲ್ಲಿ ದುಡಿಯುವ 45ರ ಆಸುಪಾಸಿನ ವ್ಯಕ್ತಿಗೆ ಹೃದಯಾಘಾತವಾದರೆ ಇದನ್ನು ಪರೀಕ್ಷಿಸಿ ನೋಡಬೇಕೆನ್ನುವುದು ಈ ಕಾರಣಕ್ಕೆ. ಮಿರ್ಚಿ, ವಗ್ಗರಣೆ ಬಿಟ್ಟರೂ, ದಿನಾ ನಡೆದರೂ ಈ ಅಂಕಿ ಹೇಳಿಕೊಳ್ಳುವಷ್ಟು ಇಳಿಯುವುದಿಲ್ಲ. ಕೊಲೆಸ್ಟ್ರಾಲ್‌ಗೆ ಕೊಡುವ ಸ್ಟ್ಯಾಟಿನ್ ಗುಳಿಗೆಯೂ ಇದನ್ನು ಇಳಿಸುವುದಿಲ್ಲ. ಹೀಗಾಗಿ ಅಣ್ಣನವರು ಏನನ್ನೋ ತಿಂದು ಇದನ್ನು ತಂದುಕೊಂಡರೆಂದು ಯಾರೂ ಅವರನ್ನು ದೂರಬೇಕಾಗಿಲ್ಲ.

ಇದನ್ನೇ ಗುರಿಯಾಗಿಟ್ಟ ಹಲವು ಔಷಧಗಳು ಈಗ ಮನುಷ್ಯರ ಮೇಲಿನ ಪರೀಕ್ಷೆಯ ಹಂತದಲ್ಲಿವೆ. ತಿಂಗಳಿಗೊಮ್ಮೆ ಚರ್ಮದಡಿ ಕೊಡುವ ಪೆಲಾಕಾರ್ಸೆನ್ ಪರೀಕ್ಷೆಗೆ ಎಂಟು ಸಾವಿರಕ್ಕೂ ಹೆಚ್ಚು ಮಂದಿ, ಹನ್ನೆರಡು ವಾರಕ್ಕೊಮ್ಮೆ ಕೊಡುವ ಓಲ್ಪಾಸಿರಾನ್ ಪರೀಕ್ಷೆಗೆ ಏಳು ಸಾವಿರಕ್ಕೂ ಹೆಚ್ಚು ಮಂದಿ ಸೇರಿದ್ದಾರೆ. ಲೆಪೊಡಿಸಿರಾನ್ ಎಂಬ ಮತ್ತೊಂದು ಇಂಜೆಕ್ಷನ್, ಮುವಾಲಾಪ್ಲಿನ್ ಎಂಬ ಗುಳಿಗೆಯೂ ಪರೀಕ್ಷೆಯಲ್ಲಿವೆ. ನಿಮಗೆ ಹೇಳಿರುವುದು ಯಾವುದೆಂದು ನೀವು ಬರೆದಿಲ್ಲ, ಅದನ್ನು ಕೇಳಿ ಬರೆದುಕೊಳ್ಳಿ. ಈ ಇಂಜೆಕ್ಷನ್‌ಗಳು ಕೆಲಸ ಮಾಡುವ ಬಗೆ ಹೀಗಿದೆ: ಆ ಹೆಚ್ಚುವರಿ ಪ್ರೋಟೀನನ್ನು ತಯಾರಿಸಲು ಜೀನ್‌ನಿಂದ ಹೊರಡುವ ಸಂದೇಶದ ಪ್ರತಿಯನ್ನು, ಅಂದರೆ ಸಂದೇಶವಾಹಕ ಆರ್‌ಎನ್‌ಎಯನ್ನು, ಯಕೃತ್ತಿನ ಜೀವಕೋಶದೊಳಗೇ ನಾಶ ಮಾಡುತ್ತವೆ. ಜೀನ್ ಇದ್ದಲ್ಲಿ ಇದ್ದ ಹಾಗೆಯೇ ಉಳಿಯುತ್ತದೆ, ಔಷಧ ನಿಲ್ಲಿಸಿದರೆ ಕ್ರಮೇಣ ಎಲ್‌ಪಿ-ಎ ಮತ್ತೆ ಏರುತ್ತದೆ. ಜೀನನ್ನೇ ತಿದ್ದುವ ಚಿಕಿತ್ಸೆಗಳ ಸಂಶೋಧನೆ ಬೇರೆಯಾಗಿ, ಇನ್ನೂ ಆರಂಭದ ಹಂತದಲ್ಲಿ ನಡೆದಿದೆ. ಊರಿನವರು ಕೇಳಿದ್ದು ಅದರ ಸುದ್ದಿಯಿರಬಹುದು. ನಿಮಗೆ ಹೇಳಿರುವುದು ಯಾವ ಬಗೆಯದು ಎಂಬುದನ್ನು ಮಾಹಿತಿ ಪತ್ರದಲ್ಲಿ ನೋಡಿ ಖಚಿತಪಡಿಸಿಕೊಳ್ಳಿ.

ಎಲ್‌ಪಿ-ಎ ಅಂಕಿಯನ್ನು ಇಳಿಸುವುದರಲ್ಲಿ ಇವುಗಳ ಶಕ್ತಿ ದೊಡ್ಡದೇ. ಲೆಪೊಡಿಸಿರಾನ್‌ನ ಎರಡನೆಯ ಹಂತದ ಪರೀಕ್ಷೆಯಲ್ಲಿ ಅತಿ ಹೆಚ್ಚಿನ ಪ್ರಮಾಣ ಪಡೆದವರಲ್ಲಿ ಅದು ಸರಾಸರಿ ಶೇ. 94ರಷ್ಟು ಇಳಿದಿತ್ತು. ಹಾಗಿದ್ದ ಮೇಲೆ ಸಾವಿರಾರು ಜನರನ್ನು ಸೇರಿಸಿ ವರ್ಷಗಟ್ಟಲೆ ಪರೀಕ್ಷಿಸುವುದೇಕೆ, ನೇರವಾಗಿ ಎಲ್ಲರಿಗೂ ಕೊಡಬಾರದೇ ಎಂದು ಕೇಳುವವರಿದ್ದಾರೆ. ಹೃದಯದ ಔಷಧಗಳ ಚರಿತ್ರೆಯಲ್ಲಿ ಇದಕ್ಕೆ ಕಹಿಯಾದ ಉತ್ತರವಿದೆ. ಒಳ್ಳೆಯ ಕೊಲೆಸ್ಟ್ರಾಲ್ ಎನ್ನಿಸಿಕೊಂಡ ಎಚ್‌ಡಿಎಲ್ ಅನ್ನು ಟಾರ್ಸೆಟ್ರಾಪಿಬ್ ಎಂಬ ಔಷಧ ಶೇ. 70ಕ್ಕೂ ಹೆಚ್ಚು ಏರಿಸುತ್ತಿತ್ತು. ವರದಿಗಳ ಮೇಲೆ ಎಲ್ಲವೂ ಚೆಂದವಾಗಿತ್ತು. ಸುಮಾರು ಹದಿನೈದು ಸಾವಿರ ಜನರ ಪರೀಕ್ಷೆಯಲ್ಲಿ ಆ ಔಷಧ ಪಡೆದವರಲ್ಲೇ ಹೆಚ್ಚು ಸಾವುಗಳಾಗಿ 2006ರ ಡಿಸೆಂಬರ್‌ನಲ್ಲಿ ಅದನ್ನು ನಿಲ್ಲಿಸಬೇಕಾಯಿತು. ಅದಕ್ಕೂ ಮೊದಲು, ಹೃದಯಾಘಾತವಾದವರಲ್ಲಿ ನಡುನಡುವೆ ಬರುವ ತಪ್ಪು ಬಡಿತಗಳನ್ನು ಅಡಗಿಸಲು ವೈದ್ಯರು ಎನ್‌ಕೈನೈಡ್, ಫ್ಲೆಕೈನೈಡ್ ಔಷಧಗಳನ್ನು ನಂಬಿಕೆಯಿಂದ ಬರೆದುಕೊಡುತ್ತಿದ್ದರು. ಬಡಿತ ನಿಜವಾಗಿಯೂ ಸರಿಹೋಗುತ್ತಿತ್ತು. 1989ರಲ್ಲಿ ಕಾಸ್ಟ್ ಎಂಬ ಪರೀಕ್ಷೆ ಹೋಲಿಸಿ ನೋಡಿದಾಗ, ಔಷಧವಿಲ್ಲದ ಸುಳ್ಳು ಗುಳಿಗೆ ಪಡೆದವರಿಗಿಂತ ನಿಜವಾದ ಔಷಧ ಪಡೆದವರೇ ಹೆಚ್ಚು ಸತ್ತಿದ್ದರು. ಅಂಕಿ ಇಳಿಯುವುದು ಬೇರೆ, ಮನುಷ್ಯ ಉಳಿಯುವುದು ಬೇರೆ. ಎಲ್‌ಪಿ-ಎ ಇಳಿಸಿದರೆ ಹೃದಯಾಘಾತ ತಗ್ಗುತ್ತದೆಂದು ನಾನೂ ಆಶಿಸುತ್ತೇನೆ, ಹಾಗೆ ಆಶಿಸಲು ಜೀನ್ ಅಧ್ಯಯನಗಳ ಬಲವಾದ ಆಧಾರವೂ ಇದೆ. ಆದರೆ ಪ್ರತಿಯೊಂದು ಔಷಧವೂ ತನ್ನ ಪರೀಕ್ಷೆಯನ್ನು ಮುಗಿಸಿ ಅದನ್ನು ತೋರಿಸಿಕೊಡಬೇಕು.

ಈಗ ನೀರಿನ ಇಂಜೆಕ್ಷನ್ನಿನ ವಿಷಯ. ಅಣ್ಣನವರಿಗೆ ಇದು ಸುಲಭವಾಗಿ ತಿಳಿಯುತ್ತದೆ: ಹೊಸ ಭತ್ತದ ತಳಿಯನ್ನು ಪರೀಕ್ಷಿಸುವಾಗ ಅದೇ ಹೊಲದಲ್ಲಿ, ಅದೇ ನೀರು ಗೊಬ್ಬರ ಕೊಟ್ಟು, ಪಕ್ಕದ ಮಡಿಯಲ್ಲಿ ಹಳೆಯ ತಳಿಯನ್ನೂ ಬೆಳೆದು ಹೋಲಿಸುತ್ತಾರೆ. ಇಲ್ಲಿಯೂ ಎರಡೂ ಗುಂಪಿನವರು ಈಗಾಗಲೇ ಸಾಬೀತಾದ ಗುಳಿಗೆಗಳನ್ನೆಲ್ಲ ಮುಂದುವರಿಸುತ್ತಾರೆ. ಅದರ ಮೇಲೆ ಒಂದು ಗುಂಪಿಗೆ ಹೊಸ ಔಷಧ, ಇನ್ನೊಂದಕ್ಕೆ ಔಷಧವಿಲ್ಲದ ಇಂಜೆಕ್ಷನ್. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ಕಂಪ್ಯೂಟರ್ ತೀರ್ಮಾನಿಸುತ್ತದೆ, ಅದು ರೋಗಿಗೂ ಗೊತ್ತಿರುವುದಿಲ್ಲ, ವೈದ್ಯರಿಗೂ ಗೊತ್ತಿರುವುದಿಲ್ಲ. ಪರೀಕ್ಷೆಗೆ ಸೇರದೆ ಮನೆಯಲ್ಲಿದ್ದರೆ ಸಿಗುತ್ತಿದ್ದ ಚಿಕಿತ್ಸೆಗಿಂತ ಕಡಿಮೆಯಾದದ್ದು ಎರಡನೆಯ ಗುಂಪಿನವರಿಗೆ ಸಿಗಬಾರದು. ಅಣ್ಣನವರ ಗುಳಿಗೆಗಳಲ್ಲಿ ಯಾವುದನ್ನಾದರೂ ಇದಕ್ಕಾಗಿ ನಿಲ್ಲಿಸಲು ಹೇಳುತ್ತಾರೆಯೇ ಎಂದು ನೇರವಾಗಿ ಕೇಳಿ. ಹೌದೆಂದರೆ, ಅದಕ್ಕೆ ಕಾರಣ ನಿಮಗೆ ಮನವರಿಕೆಯಾಗುವ ತನಕ ಸಹಿ ಹಾಕಬೇಡಿ.

ವೈನಿಯವರ ಕಣ್ಣೀರಿಗೆ ಕಾರಣವಾದ ನಾಮಿನಿ ಅಂಕಣದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಈ ಒಂದು ಸಾಲನ್ನು ನೋಡಿಯೇ ಎದ್ದುಹೋದವರನ್ನು ನಾನು ಕಂಡಿದ್ದೇನೆ. ಮಾಹಿತಿ ಪತ್ರದ ಪುಟಗಳನ್ನು ಸರಸರನೆ ಮಗುಚಿ, ಕೊನೆಯ ಹಾಳೆಗೆ ಬಂದು, ಹೆಬ್ಬೆರಳಿನ ಪಕ್ಕದಲ್ಲಿ 'ನಾಮಿನಿಯ ಹೆಸರು, ವಿಳಾಸ, ಸಂಬಂಧ' ಎಂದಿರುವುದನ್ನು ಓದಿದ ಕೂಡಲೇ ಜೊತೆಗಿದ್ದ ಹೆಂಡತಿಯ ಮುಖ ಬಿಳುಪೇರುತ್ತದೆ. ಸಾಯಿಸುವುದಕ್ಕೇ ಬರೆಸಿಕೊಳ್ಳುತ್ತಿದ್ದಾರೆ ಎಂದು ಅನ್ನಿಸುವುದು ಸಹಜ. ವಾಸ್ತವದಲ್ಲಿ 2019ರ ಹೊಸ ಔಷಧಗಳು ಮತ್ತು ಕ್ಲಿನಿಕಲ್ ಪರೀಕ್ಷೆಗಳ ನಿಯಮಗಳಲ್ಲಿ ಕೊಟ್ಟಿರುವ ಮಾದರಿ ಒಪ್ಪಿಗೆ ಪತ್ರದಲ್ಲೇ ಉದ್ಯೋಗ, ವಾರ್ಷಿಕ ಆದಾಯ, ನಾಮಿನಿ ಅಂಕಣಗಳಿವೆ. ಪರೀಕ್ಷೆಯ ಕಾರಣದಿಂದ ಸಾವು ಸಂಭವಿಸಿದರೆ ಪರಿಹಾರ ಯಾರ ಕೈಗೆ ಸೇರಬೇಕೆಂಬುದು ಮೊದಲೇ ದಾಖಲಾಗಿರಲಿ ಎಂದು ಕುಟುಂಬದ ರಕ್ಷಣೆಗಾಗಿ ಅದನ್ನು ಇಟ್ಟಿದ್ದಾರೆ. ವಿಡಿಯೋ ಕೂಡ ಹಾಗೆಯೇ. ಹೊಸ ಔಷಧದ ಪರೀಕ್ಷೆಯಲ್ಲಿ, ಸುಲಭವಾಗಿ ಒತ್ತಡಕ್ಕೆ ಒಳಗಾಗಬಹುದಾದವರಿಂದ ಒಪ್ಪಿಗೆ ಪಡೆಯುವಾಗ ಅವರಿಗೆ ವಿವರಿಸಿದ್ದನ್ನೂ ಅವರು ಅರ್ಥಮಾಡಿಕೊಂಡದ್ದನ್ನೂ ದಾಖಲಿಸಬೇಕೆಂದು ನಿಯಮ ಹೇಳುತ್ತದೆ. ಈ ಎರಡನ್ನೂ ಕೇಳಿದ್ದಾರೆಂದರೆ ಆ ಆಸ್ಪತ್ರೆ ಈ ವಿಷಯದಲ್ಲಿ ನಿಯಮದಂತೆ ನಡೆಯುತ್ತಿದೆ ಎಂದೇ ನಾನು ತಿಳಿಯುತ್ತೇನೆ. ಏನನ್ನೂ ಕೇಳದೆ ಒಂದು ಹಾಳೆಗೆ ಸಹಿ ಹಾಕಿಸಿಕೊಂಡಿದ್ದರೆ ನಾನು ಹೆದರುತ್ತಿದ್ದೆ.

ಇದೇ ನಿಯಮಗಳ ಪ್ರಕಾರ ಪರೀಕ್ಷೆಗೆ ಕೇಂದ್ರ ಔಷಧ ನಿಯಂತ್ರಕರ ಅನುಮತಿ ಇರಬೇಕು, ವೈದ್ಯರಲ್ಲದ ಸಾಮಾನ್ಯ ನಾಗರಿಕರೂ ಕಾನೂನು ತಿಳಿದವರೂ ಇರುವ ನೈತಿಕ ಸಮಿತಿ ಅದನ್ನು ಒಪ್ಪಿರಬೇಕು, ಸಿಟಿಆರ್‌ಐ ಎಂಬ ರಾಷ್ಟ್ರೀಯ ನೋಂದಣಿಯಲ್ಲಿ ಅದು ದಾಖಲಾಗಿರಬೇಕು. ನೀವು ಶಿಕ್ಷಕರು, ಆ ನೋಂದಣಿ ಸಂಖ್ಯೆಯನ್ನು ಕೇಳಿ ಪಡೆದು ಅದರ ಜಾಲತಾಣದಲ್ಲಿ ನೀವೇ ಓದಬಹುದು. ಪರೀಕ್ಷೆಯ ನಡುವೆ ತೊಂದರೆಯಾದರೆ, ಅದಕ್ಕೂ ಪರೀಕ್ಷೆಗೂ ಸಂಬಂಧವಿಲ್ಲವೆಂದು ಖಚಿತವಾಗುವ ತನಕ ಚಿಕಿತ್ಸೆ ಉಚಿತವಾಗಿ ಸಿಗಬೇಕು. ಸಂಬಂಧವಿದೆಯೆಂದಾದರೆ ಪರಿಹಾರವನ್ನೂ ಕೊಡಬೇಕು. ಪರಿಹಾರದ ಲೆಕ್ಕಕ್ಕೆ 8 ಲಕ್ಷ ರೂಪಾಯಿ ಮೂಲ ಮೊತ್ತವಿದ್ದು, ವಯಸ್ಸು ಮತ್ತು ಕಾಯಿಲೆಯ ಗಂಭೀರತೆಗೆ ತಕ್ಕಂತೆ ಅದು ಬದಲಾಗುತ್ತದೆ. ಇಲ್ಲಿ ಒಂದು ಮಾತನ್ನು ಮುಚ್ಚಿಡಲಾರೆ. ಅಣ್ಣನವರಿಗೆ ಮೊದಲೇ ಹೃದಯದ ಕಾಯಿಲೆ ಇದೆ. ಪರೀಕ್ಷೆಯ ಅವಧಿಯಲ್ಲಿ ಇನ್ನೊಂದು ಹೃದಯಾಘಾತವಾದರೆ ಅದು ಕಾಯಿಲೆಯಿಂದಲೇ ಆಯಿತೆಂದು ತೀರ್ಮಾನವಾಗಬಹುದು, ಆಗ ಪರಿಹಾರ ಸಿಗದಿರಬಹುದು. ಇದನ್ನು ತಿಳಿದೇ ಮುಂದುವರಿಯಿರಿ.

ಔಷಧದ ಅಪಾಯಗಳ ವಿಷಯಕ್ಕೆ ಬಂದರೆ, ಈವರೆಗಿನ ಪರೀಕ್ಷೆಗಳಲ್ಲಿ ಮುಖ್ಯವಾಗಿ ಕಂಡದ್ದು ಸೂಜಿ ಚುಚ್ಚಿದ ಜಾಗದ ಕೆಂಪು ಮತ್ತು ನೋವು. ಹತ್ತು, ಇಪ್ಪತ್ತು ವರ್ಷಗಳ ನಂತರ ಏನಾಗುತ್ತದೆ ಎಂಬುದು, ಔಷಧ ಹೊಸದಾದ್ದರಿಂದ, ಯಾವ ವೈದ್ಯನೂ ಇಂದು ಭರವಸೆ ಕೊಟ್ಟು ಹೇಳಬಲ್ಲ ಮಾತಲ್ಲ. ಇದರ ಜೊತೆಗೆ ಯಾರೂ ಅಪಾಯವೆಂದು ಲೆಕ್ಕಕ್ಕೆ ಹಿಡಿಯದ ಒಂದು ಭಾರವೂ ಇದೆ: ಇಂಥ ಪರೀಕ್ಷೆಗಳು ಸಾಮಾನ್ಯವಾಗಿ ನಾಲ್ಕೈದು ವರ್ಷ ನಡೆಯುತ್ತವೆ, ಏಕೆಂದರೆ ಎರಡೂ ಗುಂಪಿನಲ್ಲಿ ಆಗುವ ಹೃದಯಾಘಾತಗಳ ಸಂಖ್ಯೆ ಮೊದಲೇ ಗೊತ್ತುಮಾಡಿದ ಮಟ್ಟ ಮುಟ್ಟುವ ತನಕ ಕಾಯಬೇಕಾಗುತ್ತದೆ. ನಾಟಿಯ ಕಾಲದಲ್ಲಿ, ಕೊಯ್ಲಿನ ಕಾಲದಲ್ಲಿ, ಕಾಲುವೆಗೆ ನೀರು ಬಿಟ್ಟ ವಾರದಲ್ಲಿ, ಹೇಳಿದ ದಿನಕ್ಕೆ ಬೆಂಗಳೂರಿಗೆ ಹೋಗಿ ಬರಲು ಅಣ್ಣನವರಿಂದ ಆಗುತ್ತದೆಯೇ? ಪ್ರಯಾಣದ ಖರ್ಚನ್ನೂ ಆ ದಿನದ ಕೂಲಿ ನಷ್ಟವನ್ನೂ ಕೊಡುತ್ತಾರೆಯೇ? ಹತ್ತಿರದ ಕೇಂದ್ರವೊಂದರಲ್ಲಿ ಇಂಜೆಕ್ಷನ್ ಪಡೆಯುವ ಅವಕಾಶವಿದೆಯೇ? ಪರೀಕ್ಷೆಯ ಔಷಧಕ್ಕೆ ಯಾರಾದರೂ ಹಣ ಕೇಳಿದರೆ ಮಾತ್ರ ಅಲ್ಲಿಂದಲೇ ಹಿಂದಿರುಗಿ ಬನ್ನಿ.

ಇನ್ನು ನನಗೆ ಚಿಂತೆ ತಂದ ಆ ಸಾಲು. ಅಣ್ಣನವರು ಕೊಲೆಸ್ಟ್ರಾಲ್ ಗುಳಿಗೆಯನ್ನು ದಿನ ಬಿಟ್ಟು ದಿನ ತೆಗೆದುಕೊಳ್ಳುತ್ತಿದ್ದಾರೆ, ಎಲ್‌ಡಿಎಲ್ 92 ಇದೆ. ಒಮ್ಮೆ ಹೃದಯಾಘಾತವಾದವರಲ್ಲಿ ಅದು 55ಕ್ಕಿಂತ ಕೆಳಗಿರಬೇಕೆಂದು ಯುರೋಪಿನ ಮಾರ್ಗಸೂಚಿ ಹೇಳುತ್ತದೆ. ನಾವೂ ಅದನ್ನೇ, ಸಾಧ್ಯವಾದರೆ ಇನ್ನೂ ಕೆಳಗಿನದನ್ನೇ ಬಯಸುತ್ತೇವೆ. ಎಲ್‌ಪಿ-ಎ ಹೆಚ್ಚಿರುವವರಲ್ಲಂತೂ ನಮ್ಮ ಕೈಯಲ್ಲಿರುವ ಉಳಿದ ಅಪಾಯಗಳನ್ನು ಬಿಗಿಯಾಗಿ ಹಿಡಿಯುವುದೇ ಇಂದಿನ ಚಿಕಿತ್ಸೆ. ಸ್ಟ್ಯಾಟಿನ್ ಜೀವ ಉಳಿಸುತ್ತದೆಂದು ಹೃದ್ರೋಗಿಗಳಲ್ಲಿ ಮೊದಲು ತೋರಿಸಿಕೊಟ್ಟದ್ದು ಕೂಡ ಇಂಥದೇ ಒಂದು ಪರೀಕ್ಷೆ. 1994ರಲ್ಲಿ ಹೊರಬಂದ ಅದರಲ್ಲಿ ಉತ್ತರ ಯುರೋಪಿನ 4,444 ರೋಗಿಗಳಿದ್ದರು; ಐದು ವರ್ಷ ದಾಟುವ ಹೊತ್ತಿಗೆ ಸುಳ್ಳು ಗುಳಿಗೆಯ ಗುಂಪಿನಲ್ಲಿ 256 ಮಂದಿ, ಸಿಮ್ವಾಸ್ಟಾಟಿನ್ ಗುಂಪಿನಲ್ಲಿ 182 ಮಂದಿ ತೀರಿಕೊಂಡಿದ್ದರು. ಇಷ್ಟು ಸ್ಪಷ್ಟವಾಗಿ ಸಾಬೀತಾದದ್ದನ್ನು ಅರ್ಧಕ್ಕೆ ಇಳಿಸಿಕೊಂಡು, ಸಾಬೀತಾಗದ ಇಂಜೆಕ್ಷನ್ ಬೇಕೋ ಬೇಡವೋ ಎಂದು ಮನೆಮಂದಿಯೆಲ್ಲ ನಿದ್ದೆಗೆಡುವುದು ನನಗೆ ನೋವಿನ ಸಂಗತಿಯಾಗಿ ಕಾಣುತ್ತದೆ.

ಮೈಕೈ ನೋವನ್ನು ನಾನು ಸುಳ್ಳೆನ್ನುತ್ತಿಲ್ಲ. ನೋವು ನಿಜ, ಅದರ ಕಾರಣ ಯಾವುದೆಂಬುದು ಪ್ರಶ್ನೆ. 2020ರಲ್ಲಿ ಬ್ರಿಟನ್ನಿನ ಸ್ಯಾಮ್ಸನ್ ಎಂಬ ಚಿಕ್ಕ ಪರೀಕ್ಷೆಯಲ್ಲಿ, ಇಂಥ ತೊಂದರೆಗಾಗಿ ಸ್ಟ್ಯಾಟಿನ್ ಬಿಟ್ಟಿದ್ದ 60 ಮಂದಿಗೆ ಒಂದು ತಿಂಗಳು ಸ್ಟ್ಯಾಟಿನ್, ಇನ್ನೊಂದು ತಿಂಗಳು ಸುಳ್ಳು ಗುಳಿಗೆ, ಮತ್ತೊಂದು ತಿಂಗಳು ಏನೂ ಇಲ್ಲದಂತೆ ವರ್ಷವಿಡೀ ಅದಲುಬದಲು ಮಾಡಿ ಕೊಟ್ಟರು. ಸ್ಟ್ಯಾಟಿನ್ ತಿಂಗಳುಗಳಲ್ಲಿ ಆದ ತೊಂದರೆಯ ಶೇ. 90ರಷ್ಟು ಸುಳ್ಳು ಗುಳಿಗೆಯ ತಿಂಗಳುಗಳಲ್ಲೂ ಆಗಿತ್ತು. ತಮ್ಮದೇ ಫಲಿತಾಂಶವನ್ನು ನೋಡಿದ ಮೇಲೆ ಅವರಲ್ಲಿ ಅರ್ಧದಷ್ಟು ಜನ ಮತ್ತೆ ಸ್ಟ್ಯಾಟಿನ್ ಶುರುಮಾಡಿದರು. ಸ್ನಾಯುವಿಗೆ ನಿಜವಾಗಿ ತೊಂದರೆಯಾಗುವವರೂ ಕೆಲವರಿದ್ದಾರೆ. ಆದ್ದರಿಂದ ನಿಮ್ಮ ವೈದ್ಯರ ಬಳಿ ಸ್ನಾಯುವಿನ ಹಾನಿಯನ್ನು ತೋರಿಸುವ ಸಿಕೆ, ಥೈರಾಯ್ಡ್, ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಬೇಕಾದರೆ ಅವರು ಬೇರೆ ಸ್ಟ್ಯಾಟಿನ್‌ಗೆ ಬದಲಿಸಬಹುದು, ಪ್ರಮಾಣ ತಗ್ಗಿಸಿ ಅದರ ಜೊತೆಗೆ ಎಜೆಟಿಮೈಬ್ ಎಂಬ ಇನ್ನೊಂದು ಕೊಲೆಸ್ಟ್ರಾಲ್ ಗುಳಿಗೆ ಸೇರಿಸಬಹುದು, ಅದೂ ಸಾಲದಿದ್ದರೆ ಎಲ್‌ಡಿಎಲ್ ಇಳಿಸುವ ಇಂಜೆಕ್ಷನ್‌ಗಳೂ ಇವೆ, ಬೆಲೆ ಮಾತ್ರ ಹೆಚ್ಚು. ನಾಟಿ ದಿನಗಳಲ್ಲಿ ಇಡೀ ದಿನ ಬಗ್ಗಿ ದುಡಿದವರ ಸೊಂಟ, ತೊಡೆ ನೋಯುವುದಕ್ಕೆ ಗುಳಿಗೆಯೇ ಕಾರಣವೆಂದು ತಾವೇ ತೀರ್ಮಾನಿಸಿ ಗುಳಿಗೆ ಬಿಡಬಾರದು. ಸ್ಟೆಂಟ್‌ಗಾಗಿ ಕೊಟ್ಟ ರಕ್ತ ತೆಳುವಾಗಿಸುವ ಗುಳಿಗೆಗಳನ್ನಂತೂ ವೈದ್ಯರನ್ನು ಕೇಳದೆ ಒಂದು ದಿನವೂ ಬಿಡಕೂಡದು. ಗುಟ್ಕಾವನ್ನು ಇಂದೇ ನಿಲ್ಲಿಸಬೇಕು. ಎಲ್‌ಪಿ-ಎ 96 ಇರುವ ರಕ್ತನಾಳಕ್ಕೆ ತಂಬಾಕಿನ ಏಟನ್ನು ತಡೆಯುವ ಶಕ್ತಿಯಿಲ್ಲ.

ಹೀಗಾಗಿ ನಿಮ್ಮ ಮುಂದಿರುವ ದಾರಿಗಳು ಸೇರುವುದು, ಸೇರದಿರುವುದು ಎಂಬ ಎರಡೇ ಅಲ್ಲ. ಮೊದಲು ಎರಡು ಮೂರು ತಿಂಗಳು ಇರುವ ಗುಳಿಗೆಗಳನ್ನು ಪ್ರತಿದಿನ ಸರಿಯಾಗಿ ತೆಗೆದುಕೊಂಡು ಎಲ್‌ಡಿಎಲ್ ಮತ್ತೆ ನೋಡುವುದು, ಆಮೇಲೆ ಪರೀಕ್ಷೆಯ ವಿಷಯ ತೀರ್ಮಾನಿಸುವುದು ನಾನು ಹೇಳುವ ದಾರಿ. ಇದರಿಂದ ಏನೂ ಕಳೆದುಕೊಳ್ಳುವುದಿಲ್ಲ, ಇಂಥ ಪರೀಕ್ಷೆಗಳೂ ಬೇರೆ ಔಷಧಗಳು ಒಂದೇ ಸಮನಾಗಿ ನಡೆಯುತ್ತಿರುವವರನ್ನೇ ಬಯಸುತ್ತವೆ. ಸೇರುವ ಅವಧಿ ಅಷ್ಟರಲ್ಲಿ ಮುಗಿದುಹೋದರೆ ಹೋಗಲಿ; ಔಷಧ ಒಳ್ಳೆಯದೆಂದು ಸಾಬೀತಾದ ದಿನ ಅದು ಅಣ್ಣನವರಿಗೂ ಸಿಗುವ ದಾರಿ ತೆರೆಯುತ್ತದೆ. ಗುಳಿಗೆ ಸರಿಯಾದ ಮೇಲೆ, ಮೇಲಿನ ಪ್ರಶ್ನೆಗಳಿಗೆ ನೇರವಾದ ಉತ್ತರ ಸಿಕ್ಕಿ, ಅಣ್ಣನವರಿಗೆ ಮನಸ್ಸಿದ್ದರೆ ಸೇರಲಿ, ನಾನು ಬೇಡವೆನ್ನಲಾರೆ. ನಿಜ ಹೇಳಬೇಕೆಂದರೆ ನಮ್ಮ ಭಾಗದ ಜನ ಇಂಥ ಪರೀಕ್ಷೆಗಳಲ್ಲಿ ಇರಬೇಕೆಂಬುದು ನನ್ನ ಆಸೆ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧಕರು ಮುನ್ನಡೆಸಿದ ಕ್ರಿಯೇಟ್ ಅಧ್ಯಯನ ಭಾರತದ 20,468 ರೋಗಿಗಳನ್ನು ಗಮನಿಸಿ, ನೋವು ಶುರುವಾದ ಮೇಲೆ ಆಸ್ಪತ್ರೆ ಮುಟ್ಟಲು ನಮ್ಮವರಿಗೆ ಸುಮಾರು ಆರು ಗಂಟೆ ಹಿಡಿಯುತ್ತದೆಂದು 2008ರಲ್ಲಿ ತೋರಿಸಿತು. ಹೊರದೇಶದ ಯಾವ ಅಧ್ಯಯನವೂ ನಮಗೆ ಅದನ್ನು ಹೇಳುತ್ತಿರಲಿಲ್ಲ.

ಆದರೆ ಮನಸ್ಸು ಅಣ್ಣನವರದೇ ಆಗಿರಬೇಕು. ಮನೆಯಲ್ಲಿ ನಿಮ್ಮ ಮಾತು ನಡೆಯುತ್ತದೆಂದು ಬರೆದಿದ್ದೀರಿ. ಈ ಒಂದು ವಿಷಯದಲ್ಲಿ ದಯವಿಟ್ಟು ಅದನ್ನು ನಡೆಸಬೇಡಿ. ಅವರು ಅರ್ಥಮಾಡಿಕೊಳ್ಳುವ ಭಾಷೆಯಲ್ಲಿ ವಿವರಿಸುವುದು ಸಂಶೋಧಕರ ಕರ್ತವ್ಯ. ನಿಮ್ಮ ಕಡೆಯ ಕ್ಯಾಂಪುಗಳಲ್ಲಿ ತೆಲುಗು, ಪೇಟೆಯಲ್ಲಿ ಉರ್ದು ಆಡುವ ಮನೆಗಳಿಗೂ ಈ ಹಕ್ಕು ಇದೆ. ನೀವು ಮಾಹಿತಿ ಪತ್ರವನ್ನು ಮನೆಗೆ ತಂದು, ಅವರೂ ವೈನಿಯವರೂ ಕೂತಿರುವಾಗ ಜೋರಾಗಿ ಓದಿ ಹೇಳಿ. ಓದಿದ ಮೇಲೆ ಅಣ್ಣನವರೇ ತಮ್ಮ ಮಾತಿನಲ್ಲಿ ಅದನ್ನು ಮರಳಿ ಹೇಳಲಿ. ಸೇರಿದ ಮೇಲೂ ಯಾವ ದಿನ ಬೇಕಾದರೂ, ಕಾರಣ ಕೊಡದೆ, ಹೊರಬರಬಹುದು; ಅದರಿಂದ ಅವರ ಉಳಿದ ಚಿಕಿತ್ಸೆಗೆ ತೊಂದರೆಯಾಗಬಾರದು. ಸಹಿ ಮಾಡಿದ ಒಪ್ಪಿಗೆ ಪತ್ರದ ಒಂದು ಪ್ರತಿಯನ್ನು ಕೇಳಿ ಪಡೆದು ಮನೆಯಲ್ಲಿಡಿ.

ಸೇರಲಿ, ಬಿಡಲಿ, ಎದೆ ಹಿಂಡಿದಂತಾದರೆ ಗ್ಯಾಸ್ ಎಂದು ಸೋಡಾ ಕುಡಿದು ಮಲಗದೆ ನೇರವಾಗಿ ತಾಲ್ಲೂಕು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಬೇಕು. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ತಾಲ್ಲೂಕು ಮಟ್ಟದಲ್ಲೇ ಇಸಿಜಿ ನೋಡಿ, ಅಗತ್ಯವಿದ್ದರೆ ಹೆಪ್ಪು ಕರಗಿಸುವ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ರಾಜ್ಯದಲ್ಲಿದೆ. ಪರೀಕ್ಷೆಯಲ್ಲಿದ್ದರೆ ಅದರ ಗುರುತಿನ ಚೀಟಿಯನ್ನು ಅಲ್ಲಿಯ ವೈದ್ಯರಿಗೆ ತೋರಿಸಲಿ. ಕೊನೆಯದಾಗಿ, ಎಲ್‌ಪಿ-ಎ ಜೀನ್‌ನಿಂದ ಬರುವುದರಿಂದ ಒಡಹುಟ್ಟಿದ ನಿಮ್ಮಲ್ಲೂ ಅದು ಹೆಚ್ಚಿರುವ ಸಾಧ್ಯತೆ ಇದೆ. ಜೀವನದಲ್ಲಿ ಒಂದು ಸಲ ಪರೀಕ್ಷಿಸಿದರೆ ಸಾಕು, ಉಪವಾಸವೂ ಬೇಕಿಲ್ಲ. ಅಣ್ಣನವರ ಬೆಳೆದ ಮಕ್ಕಳಿಗೂ ಮಾಡಿಸಿ. ಹೆಚ್ಚು ಬಂದರೆ ಅವರಿಗೆ ಇಂದೇ ಔಷಧ ಬೇಕೆಂದೇನಿಲ್ಲ, ಆದರೆ ತಂಬಾಕು, ರಕ್ತದೊತ್ತಡ, ಎಲ್‌ಡಿಎಲ್ ಈ ಮೂರನ್ನೂ ಉಳಿದವರಿಗಿಂತ ಬೇಗ ಗಮನಿಸಲು ಶುರುಮಾಡಬೇಕಾಗುತ್ತದೆ.